ಕಲೋನಿಯಲ್ ಮನೆಯ ಹೊರಗೋಡೆಗೆ ಯಾವ ಹೊದಿಕೆ, ಯಾವ ಬಣ್ಣ?

ಅಮೆರಿಕದ ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಅನೇಕರು ಕೊಂಡಿರುವುದು ‘ಕಲೋನಿಯಲ್’ ಎಂದು ಕರೆಯುವ ಎರಡಂತಸ್ತಿನ ಮನೆಯನ್ನು. ಕೊಂಡ ಕೆಲವು ವರ್ಷಗಳಿಗೆ ಒಂದು ವಸಂತದಲ್ಲಿ, ಹಿಮ ಕರಗಿದ ಮೇಲೆ, ಹೊರಗೋಡೆಯ ಹಲಗೆ ಸೀಳಿರುವುದೋ ಬಣ್ಣ ಪುಡಿಪುಡಿಯಾಗಿ ಕೈಗೆ ಹತ್ತುತ್ತಿರುವುದೋ ಕಣ್ಣಿಗೆ ಬೀಳುತ್ತದೆ. ಗುತ್ತಿಗೆದಾರರನ್ನು ಕರೆಸಿದರೆ ಅವರು ಊಟದ ಮೇಜಿನ ಮೇಲೆ ಮಾದರಿ ತುಂಡುಗಳನ್ನೂ ಬಣ್ಣದ ಪಟ್ಟಿಗಳನ್ನೂ ಹರಡಿ, ವಾರದೊಳಗೆ ನಿರ್ಧಾರ ತಿಳಿಸಬೇಕೆಂದು ಹೇಳಿ ಹೋಗುತ್ತಾರೆ. ಹತ್ತಾರು ಸಾವಿರ ಡಾಲರ್ ಖರ್ಚಾಗುವ, ಇಪ್ಪತ್ತು ಮೂವತ್ತು ವರ್ಷ ಕಣ್ಣೆದುರು ನಿಲ್ಲುವ ಈ ನಿರ್ಧಾರವನ್ನು ಹೆಚ್ಚಿನವರು ಬಣ್ಣದ ಪಟ್ಟಿಯಿಂದಲೇ ಆರಂಭಿಸುತ್ತಾರೆ. ತೊಡಕು ಹುಟ್ಟುವುದು ಅಲ್ಲಿಂದಲೇ. ಮನೆಯ ಆಕಾರ, ಹೊದಿಕೆಯ ವಸ್ತು, ಮಾಡಿನ ಬಣ್ಣ, ಬೀಳುವ ಬಿಸಿಲು ಎಂಬ ನಾಲ್ಕು ಸಂಗತಿಗಳು ಮೊದಲೇ ಆಯ್ಕೆಯನ್ನು ಬಹಳಷ್ಟು ಕಿರಿದುಗೊಳಿಸಿರುತ್ತವೆ. ಅವನ್ನು ಅರಿತುಕೊಂಡ ಮೇಲೆ ಉಳಿಯುವ ಬಣ್ಣಗಳು ಬೆರಳೆಣಿಕೆಯಷ್ಟೇ.

‘ಕಲೋನಿಯಲ್’ ಎಂದರೆ ಯಾವ ಬಗೆಯ ಮನೆ

ಕಲೋನಿಯಲ್ ಎಂದೊಡನೆ ನಮಗೆ ನೆನಪಾಗುವುದು ಬೆಂಗಳೂರಿನ ದಂಡು ಪ್ರದೇಶದ ಬಂಗಲೆಗಳು, ಅವುಗಳ ಕಿಟಕಿಯ ಮೇಲಿನ ಮಂಕಿ ಟಾಪ್ ಎಂಬ ಚೂಪು ಮರದ ಮರೆಗಳು. ಅಮೆರಿಕದಲ್ಲಿ ಆ ಪದದ ಅರ್ಥವೇ ಬೇರೆ. 1776ಕ್ಕೆ ಮೊದಲು, ಅಟ್ಲಾಂಟಿಕ್ ಕರಾವಳಿಯ ಬ್ರಿಟಿಷ್ ವಸಾಹತುಗಳಲ್ಲಿ ನೆಲೆಸಿದವರು ತಾವು ಬಿಟ್ಟುಬಂದ ನಾಡಿನ ಮನೆಗಳನ್ನು ನೆನೆದು, ಅಲ್ಲಿ ಹೇರಳವಾಗಿ ಸಿಗುತ್ತಿದ್ದ ಮರದಿಂದ ಕಟ್ಟಿಕೊಂಡ ಮನೆಗಳೇ ಇದರ ಮೂಲ. ನಾವು ಇಂದು ಬೀದಿ ಬೀದಿಗಳಲ್ಲಿ ಕಾಣುವವು ಆ ಮನೆಗಳಲ್ಲ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಸ್ವಾತಂತ್ರ್ಯ ಶತಮಾನೋತ್ಸವದ ವಸ್ತುಪ್ರದರ್ಶನದ ನಂತರ ಹಳೆಯ ಕಾಲದ ಮನೆಗಳ ಮೇಲೆ ಜನರಿಗೆ ಅಭಿಮಾನ ಹೆಚ್ಚಿತು. ಅದರಿಂದ ಹುಟ್ಟಿದ ಪುನರುಜ್ಜೀವನ ಶೈಲಿ ಇಪ್ಪತ್ತನೆಯ ಶತಮಾನದುದ್ದಕ್ಕೂ ಬಡಾವಣೆಗಳಲ್ಲಿ ಹರಡಿತು. 1960ರ ಅಥವಾ 1980ರ ದಶಕದಲ್ಲಿ ಕಟ್ಟಿದ ಮನೆಯನ್ನೂ ಕಲೋನಿಯಲ್ ಎನ್ನುವುದು ಈ ಕಾರಣಕ್ಕೆ.

ಈ ಮನೆಯ ಲಕ್ಷಣ ಒಂದೇ ಮಾತಿನಲ್ಲಿ ಹೇಳುವುದಾದರೆ ಸಮತೋಲ. ನಟ್ಟನಡುವೆ ಮುಂಬಾಗಿಲು, ಅದರ ಎರಡೂ ಬದಿಗೆ ಒಂದೇ ಅಳತೆಯ ಕಿಟಕಿಗಳು, ಮೇಲಂತಸ್ತಿನಲ್ಲಿ ಅವುಗಳ ನೇರಕ್ಕೆ ಮತ್ತೆ ಕಿಟಕಿಗಳು, ಮೇಲೆ ಎರಡಿಳಿಜಾರಿನ ಸರಳ ಮಾಡು. ಮೇಲಂತಸ್ತು ಒಂದಿಷ್ಟು ಮುಂದಕ್ಕೆ ಚಾಚಿದ್ದರೆ ಗ್ಯಾರಿಸನ್ ಕಲೋನಿಯಲ್ ಎಂದೂ, ಮಾಡು ಅರ್ಧದಲ್ಲಿ ಮುರಿದು ಎರಡು ಓಟದಲ್ಲಿ ಇಳಿದಿದ್ದರೆ ಡಚ್ ಕಲೋನಿಯಲ್ ಎಂದೂ ಕರೆಯುತ್ತಾರೆ. ಬಣ್ಣದ ವಿಚಾರದಲ್ಲಿ ಇದರ ಮಹತ್ವ ದೊಡ್ಡದು. ವಿಕ್ಟೋರಿಯನ್ ಮನೆಯಲ್ಲಿ ಗೋಪುರ, ಕಮಾನು, ಕೆತ್ತನೆಗಳು ಮುಖದ ತುಂಬ ಇರುವುದರಿಂದ ಐದಾರು ಬಣ್ಣಗಳನ್ನು ಅದು ತಾಳಿಕೊಳ್ಳುತ್ತದೆ. ಕಲೋನಿಯಲ್ ಮನೆಯ ಮುಖ ಬಹುಪಾಲು ಖಾಲಿ ಗೋಡೆ. ಅದರ ಚೆಲುವು ಕಿಟಕಿಗಳ ನಡುವಿನ ಅಂತರದಲ್ಲಿದೆ. ಅಲ್ಲಿ ಮೂರನೆಯ ಬಣ್ಣ ಸೇರಿದ ಮೇಲೆ, ಮುಂಬಾಗಿಲನ್ನು ಬಿಟ್ಟರೆ, ನಾಲ್ಕನೆಯದಕ್ಕೆ ಜಾಗವಿರುವುದಿಲ್ಲ.

ಸೈಡಿಂಗ್ ಮಾಡುವ ಕೆಲಸ

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟುವುದನ್ನು ನೋಡಿದವರಿಗೆ ಸೈಡಿಂಗ್ ಎಂದರೇನೆಂದು ವಿವರಿಸಬೇಕಿಲ್ಲ. ಮನೆಯನ್ನು ಹೊತ್ತು ನಿಲ್ಲಿಸುವುದು ಒಳಗಿನ ಮರದ ಚೌಕಟ್ಟು. ಅದಕ್ಕೆ ನೀರು ತಾಗದಂತೆ ಹೊರಗಿನಿಂದ ಹೊದಿಸುವ ಪದರವೇ ಸೈಡಿಂಗ್. ಅದು ಭಾರ ಹೊರುವುದಿಲ್ಲ. ಹಾಗಾಗಿಯೇ ಅದನ್ನು ಕಿತ್ತು ಬೇರೆಯದನ್ನು ಹಾಕಬಹುದು. ಮಂಗಳೂರು ಹೆಂಚಿನಂತೆ ಮೇಲಿನ ಹಲಗೆಯ ಕೆಳ ಅಂಚು ಕೆಳಗಿನ ಹಲಗೆಯ ಮೇಲೆ ಕೂರುತ್ತದೆ, ನೀರು ಜಾರಿ ಹೋಗುತ್ತದೆ.

ಹೀಗೆ ಅಡ್ಡಲಾಗಿ ಒಂದರ ಮೇಲೊಂದು ಕೂರಿಸುವ ತೆಳು ಹಲಗೆಗೆ ಕ್ಲ್ಯಾಪ್‌ಬೋರ್ಡ್ ಎನ್ನುತ್ತಾರೆ. ಪ್ರತಿ ಹಲಗೆಯಲ್ಲಿ ಕಣ್ಣಿಗೆ ಕಾಣುವ ಅಗಲ ಎಷ್ಟೆಂಬುದು ಮುಖ್ಯ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರದೇಶದ ಹಳೆಯ ಮನೆಗಳಲ್ಲಿ ಅದು ಸುಮಾರು ನಾಲ್ಕು ಇಂಚು, ಕೆಲವೆಡೆ ಇನ್ನೂ ಕಡಿಮೆ. ಪ್ರತಿ ಹಲಗೆಯ ಕೆಳಗೂ ಒಂದು ತೆಳು ನೆರಳುಗೆರೆ ಮೂಡುತ್ತದೆ. ಗೆರೆಗಳು ಹತ್ತಿರವಿದ್ದರೆ ಗೋಡೆ ಹೆಣೆದ ಚಾಪೆಯಂತೆ ನವುರಾಗಿ ಕಾಣುತ್ತದೆ, ದೂರವಿದ್ದರೆ ಒರಟಾಗಿ ಕಾಣುತ್ತದೆ. ಏಳು ಎಂಟು ಇಂಚು ಅಗಲ ತೋರುವ ಹಲಗೆ ಅಗ್ಗವಾಗಿ, ಬೇಗ ಹೊದಿಸಲು ಸಿಗಬಹುದು, ಆದರೆ ಕಲೋನಿಯಲ್ ಮುಖಕ್ಕೆ ಅದು ಹೊಂದುವುದಿಲ್ಲ. ಬಣ್ಣ ಎಷ್ಟೇ ಸರಿಯಾಗಿದ್ದರೂ ಈ ತಪ್ಪನ್ನು ಮುಚ್ಚಲಾರದು.

ವಸ್ತು ಬಣ್ಣವನ್ನು ಕಟ್ಟಿಹಾಕುವ ಬಗೆ

ಮೂಲ ಹೊದಿಕೆ ಮರ: ಪೈನ್ ಅಥವಾ ಸೀಡರ್. ಯಾವ ಬಣ್ಣವನ್ನಾದರೂ ಬಳಿಯಬಹುದು, ಬೇಸರವಾದರೆ ಬದಲಿಸಬಹುದು. ಅದಕ್ಕೆ ತೆರುವ ಬೆಲೆ ಆರೈಕೆ. ಬಿಸಿಲು ಮಳೆ ಹಿಮಗಳಿಗೆ ಒಡ್ಡಿದ ಮರಕ್ಕೆ ಐದರಿಂದ ಹತ್ತು ವರ್ಷಕ್ಕೊಮ್ಮೆ ಬಣ್ಣ ಬಳಿಯಬೇಕಾಗುತ್ತದೆ. ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಳ್ಳದ ನಮ್ಮ ಬಾಗಿಲುಗಳ ಹಾಗೆ ಅದು ತೇವ ಹೀರಿ ಹಿಗ್ಗಿ ಕುಗ್ಗುವುದರಿಂದ, ಹಲಗೆಯ ಹಿಂಬದಿಗೂ ಕತ್ತರಿಸಿದ ತುದಿಗೂ ಮೊದಲೇ ಪ್ರೈಮರ್ ಎಂಬ ತಳಬಣ್ಣ ಬಳಿಯದಿದ್ದರೆ ಬಣ್ಣ ಬೇಗ ಸಿಪ್ಪೆ ಏಳುತ್ತದೆ.

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಎಲ್ಲೆಲ್ಲೂ ಕಾಣುವುದು ವಿನೈಲ್, ಅಂದರೆ ಪಿವಿಸಿ. ನಲ್ಲಿಯ ಕೊಳವೆಗೆ ಬಳಸುವ ಪ್ಲಾಸ್ಟಿಕ್ಕಿನದೇ ಕುಲ. ಇದಕ್ಕೆ ಬಣ್ಣ ಬಳಿಯುವುದಿಲ್ಲ. ತಯಾರಿಸುವಾಗಲೇ ಬಣ್ಣ ಬೆರೆತಿರುತ್ತದೆ. ಹಾಗಾಗಿ ವಿನೈಲ್ ಆರಿಸಿದ ದಿನವೇ ಮುಂದಿನ ಎರಡು ಮೂರು ದಶಕಗಳ ಬಣ್ಣವನ್ನೂ ಆರಿಸಿದಂತೆ. ಇಲ್ಲಿ ಇನ್ನೊಂದು ಗುಣವನ್ನು ಅರಿಯಬೇಕು. ವಿನೈಲ್ ಶಾಖಕ್ಕೆ ಬಹಳ ಹಿಗ್ಗುತ್ತದೆ. ಹನ್ನೆರಡು ಅಡಿಯ ಒಂದು ಹಲಗೆ ಚಳಿಗಾಲಕ್ಕೂ ಬೇಸಿಗೆಗೂ ನಡುವೆ ಸುಮಾರು ಅರ್ಧ ಇಂಚು ಉದ್ದದಲ್ಲಿ ಬದಲಾಗುತ್ತದೆ. ರೈಲು ಹಳಿಗಳ ನಡುವೆ ಸಂದು ಬಿಡುವಂತೆ ಇಲ್ಲಿಯೂ ಸಂದು ಬಿಟ್ಟು, ಮೊಳೆಯನ್ನು ಪೂರ್ತಿ ಬಿಗಿಯದೆ, ಹಲಗೆ ಅತ್ತಿತ್ತ ಜಾರುವಂತೆ ತೂಗುಹಾಕಬೇಕು. ಗಾಢ ಬಣ್ಣ ಬಿಸಿಲನ್ನು ಹೆಚ್ಚು ಹೀರುವುದರಿಂದ ಹಿಗ್ಗುವಿಕೆಯೂ ಹೆಚ್ಚು, ಸೊಟ್ಟಗಾಗುವ ಅಪಾಯವೂ ಹೆಚ್ಚು. ಹಿಂದೆಲ್ಲ ವಿನೈಲ್ ತಿಳಿ ಹಳದಿ, ಕೆನೆ, ಬೂದು ಬಣ್ಣಗಳಲ್ಲೇ ಹೆಚ್ಚಾಗಿ ಸಿಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ಈಗ ಶಾಖವನ್ನು ಪ್ರತಿಫಲಿಸುವ ವರ್ಣದ್ರವ್ಯ ಬೆರೆಸಿ ಗಾಢ ನೀಲಿ, ಇದ್ದಿಲ ಬಣ್ಣಗಳನ್ನೂ ತಯಾರಿಸುತ್ತಾರೆ, ಬೆಲೆ ಹೆಚ್ಚು. ಹಳೆಯ ವಿನೈಲ್ ಮೇಲೆ ಬಣ್ಣ ಬಳಿಯಲೇಬೇಕೆಂದರೆ ಅದಕ್ಕೆಂದೇ ತಯಾರಾದ ಬಣ್ಣವನ್ನು ಬಳಸಬೇಕು; ಮೂಲ ಬಣ್ಣಕ್ಕಿಂತ ಗಾಢವಾದುದನ್ನು ಸಾಮಾನ್ಯ ಬಣ್ಣದಿಂದ ಬಳಿದರೆ ಹಲಗೆ ಸೊಟ್ಟಗಾಗಬಹುದು, ತಯಾರಕರ ಖಾತರಿಯೂ ರದ್ದಾಗಬಹುದು. ಪಕ್ಕದ ಮನೆಯ ಶಾಖ ತಡೆಯುವ ಜೋಡಿ ಗಾಜಿನ ಕಿಟಕಿ ಸ್ವಲ್ಪ ಒಳಬಾಗಿದ್ದು, ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಕೂಡಿಸಿ ನಮ್ಮ ಗೋಡೆಯ ವಿನೈಲನ್ನು ಕರಗಿಸಿದ ಪ್ರಸಂಗಗಳೂ ಇವೆ. ಇಂಥ ಕಿಟಕಿ ಎದುರಿಗಿದ್ದರೆ ಆ ಬದಿಗೆ ಬೇರೆ ವಸ್ತು ಹಾಕುವುದು ಮೇಲು.

ಮೂರನೆಯದು ಫೈಬರ್ ಸಿಮೆಂಟ್. ಸಿಮೆಂಟು, ಮರಳು, ಮರದ ನಾರು ಸೇರಿಸಿ ಒತ್ತಿದ ಹಲಗೆ. ಬೆಂಕಿ ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಶಾಖಕ್ಕೆ ಹೆಚ್ಚು ಹಿಗ್ಗುವುದಿಲ್ಲ. ಆದ್ದರಿಂದ ಗಾಢ ಬಣ್ಣ ಬೇಕೆನ್ನುವವರಿಗೆ ಇದು ಸುರಕ್ಷಿತ. ಕಾರ್ಖಾನೆಯಲ್ಲೇ ಬಣ್ಣ ಬಳಿದು ಒಣಗಿಸಿದ ಹಲಗೆಗಳ ಬಣ್ಣ ಮನೆಯಲ್ಲಿ ಬಳಿದ ಬಣ್ಣಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಮುಂದೆ ಬೇಕಾದಾಗ ಅದರ ಮೇಲೆ ಬೇರೆ ಬಣ್ಣ ಬಳಿಯಲೂಬಹುದು. ತೂಕ ಹೆಚ್ಚು, ಕೂಲಿ ಹೆಚ್ಚು. ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಆದ್ದರಿಂದ ಧೂಳು ಹೀರುವ ಸಲಕರಣೆ ಇರುವ ಕೆಲಸಗಾರರನ್ನೇ ನೇಮಿಸಬೇಕು. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಎಂಜಿನಿಯರ್ಡ್ ಮರ ಬೆಲೆಯಲ್ಲಿ ಸಾಮಾನ್ಯವಾಗಿ ವಿನೈಲಿಗೂ ಫೈಬರ್ ಸಿಮೆಂಟಿಗೂ ನಡುವಿನದು.

1978ಕ್ಕೆ ಮೊದಲು ಕಟ್ಟಿದ ಮನೆಯಾದರೆ

ಇದು ಅಂದಚಂದದ ಮಾತಲ್ಲ, ಆರೋಗ್ಯದ ಮಾತು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯ ಗೋಡೆಯನ್ನು ಕೆರೆದು ಉಜ್ಜಿದರೆ ಸೀಸದ ಧೂಳು ಮಣ್ಣಿಗೆ ಬೀಳಬಹುದು, ಆಡುವ ಮಕ್ಕಳ ಕೈಗೆ, ಅಲ್ಲಿಂದ ಬಾಯಿಗೆ ಹೋಗಬಹುದು. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದಂತೆ, ಇಂಥ ಮನೆಗಳಲ್ಲಿ ಹಣ ಪಡೆದು ಬಣ್ಣ ಕೆರೆಯುವ, ಹೊದಿಕೆ ಕೀಳುವ ಗುತ್ತಿಗೆದಾರರು ಸೀಸದ ಸುರಕ್ಷತೆಯ ಪ್ರಮಾಣಪತ್ರ ಹೊಂದಿರಬೇಕು. ಅದನ್ನು ಕೇಳಿ ನೋಡುವುದಕ್ಕೆ ಸಂಕೋಚ ಬೇಡ. 1920ರಿಂದ 1970ರ ದಶಕದವರೆಗಿನ ಕೆಲವು ಮನೆಗಳ ಹೊದಿಕೆ ಆಸ್ಬೆಸ್ಟಸ್ ಬೆರೆತ ಸಿಮೆಂಟ್ ಬಿಲ್ಲೆಗಳದ್ದಾಗಿರುತ್ತದೆ. ಒಡೆಯದೆ ಹಾಗೇ ಇದ್ದಷ್ಟು ದಿನ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಕೊರೆಯುವ ಅಥವಾ ಮುರಿಯುವ ಮುನ್ನ ಪರೀಕ್ಷೆ ಮಾಡಿಸಬೇಕು.

ಬಿಳಿ ಗೋಡೆ, ಕಪ್ಪು ಶಟರ್: ಇದು ಎಲ್ಲಿಂದ ಬಂತು

ಕಲೋನಿಯಲ್ ಎಂದರೆ ಬಿಳಿಯೇ ಆಗಬೇಕೆಂಬ ನಂಬಿಕೆ ಗಟ್ಟಿಯಾಗಿದೆ. ವಸಾಹತು ಕಾಲದ ಮನೆಗಳು ನಿಜವಾಗಿ ಹಾಗಿರಲಿಲ್ಲ. ಹದಿನೇಳನೆಯ ಶತಮಾನದ ಹಲವು ಮರದ ಮನೆಗಳಿಗೆ ಬಣ್ಣವನ್ನೇ ಬಳಿಯುತ್ತಿರಲಿಲ್ಲ. ಮಳೆಬಿಸಿಲಿಗೆ ಮರ ತಾನಾಗಿ ಕಂದು, ಬೂದು ಬಣ್ಣಕ್ಕೆ ತಿರುಗುತ್ತಿತ್ತು. 1668ರಲ್ಲಿ ಕಟ್ಟಲು ಆರಂಭಿಸಿದ, ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ ಏಳು ಶಿಖರಗಳ ಮನೆಯ ಕಪ್ಪುಗಂದು ಗೋಡೆಗಳನ್ನು ನೋಡಿದರೆ ಆ ಕಾಲದ ನೋಟ ಹೇಗಿದ್ದಿರಬಹುದೆಂದು ಊಹಿಸಬಹುದು. ಹದಿನೆಂಟನೆಯ ಶತಮಾನದಲ್ಲಿ ಬಣ್ಣ ಬಳಿಯುವ ಅನುಕೂಲ ಬಂದಾಗಲೂ ಅಗಸೆ ಎಣ್ಣೆಯಲ್ಲಿ ಅರೆದ ಮಣ್ಣಿನ ಬಣ್ಣಗಳೇ ಕೈಗೆಟುಕುತ್ತಿದ್ದವು. ಕಬ್ಬಿಣದ ಅಂಶವಿರುವ ಕೆಮ್ಮಣ್ಣು, ಹಳದಿ ಮಣ್ಣುಗಳಿಂದ ಬಂದ ಇಟ್ಟಿಗೆಗೆಂಪು, ಕಂದು, ಸಾಸಿವೆ ಹಳದಿ. ನಮ್ಮ ಹಳ್ಳಿಯ ಗೋಡೆಗಳಿಗೆ ಬಳಿಯುತ್ತಿದ್ದ ಕೆಮ್ಮಣ್ಣಿನ ಬಣ್ಣ ಇವುಗಳ ದಾಯಾದಿ.

ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ 1759ರಲ್ಲಿ ಕಟ್ಟಿದ ಒಂದು ಮನೆಯಿದೆ. 1775–76ರಲ್ಲಿ ಜಾರ್ಜ್ ವಾಷಿಂಗ್ಟನ್ ತಮ್ಮ ಸೇನಾ ಮುಖ್ಯಠಾಣ್ಯವನ್ನು ಮಾಡಿಕೊಂಡಿದ್ದುದು ಅಲ್ಲಿಯೇ; ಮುಂದೆ ಕವಿ ಲಾಂಗ್‌ಫೆಲೊ ಅಲ್ಲಿ ವಾಸವಾಗಿದ್ದರು. ಇಂದು ಅದರ ಗೋಡೆ ಹಳದಿ, ಕಂಬಪಟ್ಟಿಗಳು ಬಿಳಿ, ಕಿಟಕಿಯ ಹೊರಗದಗಳಾದ ಶಟರುಗಳು ಗಾಢ. ಸಮತೋಲದ ಮುಖಕ್ಕೆ ಮೂರು ಬಣ್ಣ ಹೇಗೆ ಸಾಲುತ್ತವೆಂದು ಕಣ್ಣಾರೆ ನೋಡಬೇಕೆನ್ನುವವರು ಆ ರಸ್ತೆಯಲ್ಲಿ ಒಮ್ಮೆ ನಡೆದುಬಂದರೆ ಸಾಕು. ಇಡೀ ಊರಿಗೆ ಊರೇ ಬಿಳಿಯಾಗತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ, ಗ್ರೀಕ್ ದೇವಾಲಯಗಳನ್ನು ಅನುಕರಿಸುವ ಶೈಲಿ ಜನಪ್ರಿಯವಾದಾಗ. ಬಿಳಿಯ ಜೊತೆಗೆ ಹಸಿರು ಶಟರು ರೂಢಿಗೆ ಬಂದುದೂ ಆಗಲೇ. ಪುನರುಜ್ಜೀವನ ಶೈಲಿಯವರು ಆ ಬಿಳಿಯನ್ನೇ ‘ಪೂರ್ವಿಕರ ಬಣ್ಣ’ವೆಂದು ಎತ್ತಿಕೊಂಡರು. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಪಟ್ಟಣವನ್ನು ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರ ಹಣದಿಂದ ಪುನರ್ನಿರ್ಮಿಸುವ ಕೆಲಸ 1926ರ ಬಳಿಕ ಆರಂಭವಾದ ಮೇಲೆ ಹಳೆಯ ಬಣ್ಣಗಳ ಅಧ್ಯಯನ ಬೆಳೆಯಿತು. ಬಣ್ಣದ ಅಂಗಡಿಗಳಲ್ಲಿ ಇಂದು ‘ಐತಿಹಾಸಿಕ’ ಎಂಬ ಹೆಸರಿನಲ್ಲಿ ಸಿಗುವ ಪಟ್ಟಿಗಳು ಇಂಥ ಆಸಕ್ತಿಯ ಫಲ.

ಬಿಳಿಯನ್ನೇ ಆರಿಸುವವರಿಗೂ ಇದರಲ್ಲಿ ಒಂದು ಉಪಯುಕ್ತ ಸುಳಿವಿದೆ. ಆ ಕಾಲದ ಬಿಳಿ ಎಣ್ಣೆಯಲ್ಲಿ ಅರೆದ ಸೀಸದ ಬಿಳಿ. ಎಣ್ಣೆಯಿಂದಾಗಿ ಅದರಲ್ಲಿ ಹಳದಿಯ ಛಾಯೆಯಿರುತ್ತಿತ್ತು. ಕಣ್ಣು ಕುಕ್ಕುವ ಇಂದಿನ ಬಿಳಿ ಇಪ್ಪತ್ತನೆಯ ಶತಮಾನದ ಟೈಟಾನಿಯಂ ಡೈಆಕ್ಸೈಡ್‌ನ ಕೊಡುಗೆ. ಹಳೆಯ ನೋಟ ಬೇಕಾದವರು ಕೆನೆಬಿಳಿಯತ್ತ ವಾಲುವುದು ಒಳ್ಳೆಯದು.

ಬದಲಾಗದವುಗಳಿಂದ ಆರಂಭಿಸುವುದು

ಈಗ ಬಣ್ಣದ ಆಯ್ಕೆಗೆ ಬರೋಣ. ಮನೆಯ ಸುತ್ತ ಒಮ್ಮೆ ನಡೆದು, ಈ ಸಲ ಬದಲಿಸದೆ ಉಳಿಸಿಕೊಳ್ಳುವವು ಯಾವುವೆಂದು ಬರೆದುಕೊಳ್ಳಬೇಕು: ಮಾಡಿನ ಶಿಂಗಲ್ (ಹೆಂಚಿನ ಬದಲು ಹೊದಿಸುವ ಬಿಲ್ಲೆ), ಇಟ್ಟಿಗೆಯ ಚಿಮಣಿ, ತಳಪಾಯದ ಕಲ್ಲು, ಮೆಟ್ಟಿಲು, ಕಿಟಕಿಯ ಚೌಕಟ್ಟು. ಡಾಂಬರಿನ ಶಿಂಗಲ್ ಮಾಡು ಇಪ್ಪತ್ತರಿಂದ ಮೂವತ್ತು ವರ್ಷ ಬಾಳುತ್ತದೆ. ಎದುರಿನಿಂದ ನೋಡುವವರಿಗೆ ಗೋಡೆಯನ್ನು ಬಿಟ್ಟರೆ ಮನೆಯ ದೊಡ್ಡ ಭಾಗವಾಗಿ ಕಾಣುವುದೂ ಅದೇ. ಗೋಡೆಯ ಬಣ್ಣ ಮಾಡಿನ ಜೊತೆ ಜಗಳವಾಡಿದರೆ ಮತ್ತೆ ಸರಿಪಡಿಸುವ ದಾರಿಯಿರುವುದಿಲ್ಲ.

ಜಗಳ ಹುಟ್ಟುವುದು ಹೆಚ್ಚಾಗಿ ಒಳಛಾಯೆಯಿಂದ. ಹಸುವಿನ ಹಾಲನ್ನೂ ಎಮ್ಮೆಯ ಹಾಲನ್ನೂ ಬೇರೆ ಬೇರೆ ನೋಡಿದರೆ ಎರಡೂ ಬಿಳಿ. ಅಕ್ಕಪಕ್ಕ ಇಟ್ಟರೆ ಹಸುವಿನ ಹಾಲಿನಲ್ಲಿ ಹಳದಿ ಕಾಣುತ್ತದೆ. ಇಸ್ತ್ರಿಯಾದ ಪಂಚೆಗೆ ನೀಲಿ ಹಾಕಿದ್ದರೆ ಅದು ಮೂರನೆಯ ಬಗೆಯ ಬಿಳಿ. ಹೀಗೆ ಪ್ರತಿ ಬೂದು, ಪ್ರತಿ ಬಿಳಿಯ ಒಳಗೂ ಹಳದಿ, ನೀಲಿ, ಹಸಿರು ಅಥವಾ ನೇರಳೆ ಬಣ್ಣದ ಎಳೆಯೊಂದು ಅಡಗಿರುತ್ತದೆ. ಹಳದಿ ಕೆಂಪುಗಳತ್ತ ವಾಲುವವನ್ನು ಬೆಚ್ಚನೆಯವು, ನೀಲಿಯತ್ತ ವಾಲುವವನ್ನು ತಣ್ಣನೆಯವು ಎನ್ನುತ್ತಾರೆ. ಕಂದು ಬೆರೆತ ಮಾಡು, ಕೆಂಪು ಇಟ್ಟಿಗೆ ಇರುವ ಮನೆಗೆ ಬೆಚ್ಚನೆಯ ಬಣ್ಣಗಳು ಹೊಂದುತ್ತವೆ. ಇದ್ದಿಲ ಬೂದು ಅಥವಾ ಕಪ್ಪು ಮಾಡು ಎರಡನ್ನೂ ತಾಳಿಕೊಳ್ಳುತ್ತದೆ. ಒಳಛಾಯೆ ತಿಳಿಯದಿದ್ದರೆ ಬಣ್ಣದ ಚೀಟಿಯನ್ನು ಅಚ್ಚ ಬಿಳಿ ಕಾಗದದ ಮೇಲಿಟ್ಟು, ಹಗಲು ಬೆಳಕಿನಲ್ಲಿ ನೋಡಿದರೆ ಅದು ತಾನಾಗಿ ಎದ್ದು ಕಾಣುತ್ತದೆ.

ಒಂದು ಉದಾಹರಣೆ ನೋಡೋಣ. ನ್ಯೂಜೆರ್ಸಿಯಲ್ಲಿ ಬಹಳವಾಗಿ ಕಾಣುವ ಮಾದರಿಯಿದು: ಕೆಳಂತಸ್ತಿನ ಮುಂಭಾಗಕ್ಕೆ ಕೆಂಪು ಇಟ್ಟಿಗೆ, ಮೇಲಂತಸ್ತಿಗೂ ಉಳಿದ ಮೂರು ಬದಿಗೂ ಸೈಡಿಂಗ್, ಮಾಡು ಕಂದುಬೂದು. ಮಾಲೀಕರಿಗೆ ಇಷ್ಟವಾದದ್ದು ನೀಲಿ ಬೆರೆತ ತಣ್ಣನೆಯ ಬೂದು. ಇಟ್ಟಿಗೆಯ ಕಿತ್ತಳೆಗೆಂಪಿನ ಪಕ್ಕದಲ್ಲಿ ಆ ಬೂದು ಇನ್ನೂ ನೀಲಿಯಾಗಿ, ಇಟ್ಟಿಗೆ ಇನ್ನೂ ಕಿತ್ತಳೆಯಾಗಿ ಕಾಣುತ್ತದೆ, ಏಕೆಂದರೆ ಎದುರುಬದುರಿನ ಬಣ್ಣಗಳು ಒಂದನ್ನೊಂದು ಹೆಚ್ಚಿಸುತ್ತವೆ. ಇಟ್ಟಿಗೆಗಳ ನಡುವಿನ ಗಾರೆಯ ಬಣ್ಣವನ್ನು ಗಮನಿಸಿ, ಅದಕ್ಕೆ ಸಮೀಪದ ಮರಳಬೂದು ಅಥವಾ ಕೆನೆಬಣ್ಣವನ್ನು ಮೇಲಿನ ಗೋಡೆಗೆ ಆರಿಸಿದರೆ ಇಡೀ ಮುಖ ಒಂದಾಗಿ ಬೆಸೆಯುತ್ತದೆ. ಇಟ್ಟಿಗೆಯಿಂದ ಸೈಡಿಂಗಿಗೆ ದಾಟುವ ಗೆರೆ ಎರಡು ಅಂತಸ್ತು ಸೇರುವಲ್ಲಿ ಅಥವಾ ಒಳಮೂಲೆಯಲ್ಲಿ ಇರಬೇಕು. ಹೊರಮೂಲೆಯಲ್ಲಿ ತಟ್ಟನೆ ನಿಂತರೆ ಇಟ್ಟಿಗೆ ಕಾಗದದಂತೆ ಅಂಟಿಸಿದ್ದೆಂದು ತೋರುತ್ತದೆ.

ಒಡಲು, ಅಂಚು, ಸೆರಗು

ಇಳಕಲ್ ಸೀರೆಯನ್ನು ನೆನೆಸಿಕೊಂಡರೆ ಹೊರಬಣ್ಣದ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಗೋಡೆ ಒಡಲು. ಮೂಲೆಪಟ್ಟಿ, ಕಿಟಕಿಯ ಸುತ್ತಿನ ಚೌಕಟ್ಟು, ಮಾಡಿನ ಕೆಳಗಿನ ಪಟ್ಟಿ, ಬಾಗಿಲ ಬದಿಯ ಕಂಬಪಟ್ಟಿ ಇವೆಲ್ಲ ಅಂಚು. ಕೆಲಸಗಾರರ ಮಾತಿನಲ್ಲಿ ಟ್ರಿಮ್. ಶಟರು ಮತ್ತು ಬಾಗಿಲು ಸೆರಗು. ಇಂಗ್ಲಿಷಿನಲ್ಲಿ ಆಕ್ಸೆಂಟ್ ಎನ್ನುವುದು ಇದನ್ನೇ. ಒಡಲು ಅರ್ಧಕ್ಕಿಂತ ಹೆಚ್ಚು, ಅಂಚು ಅದಕ್ಕಿಂತ ಕಡಿಮೆ, ಸೆರಗು ಹತ್ತರಲ್ಲಿ ಒಂದು ಪಾಲು ಇದ್ದರೆ ಕಣ್ಣಿಗೆ ಹಿತ. ಒಡಲು ತಿಳಿಯಾಗಿದ್ದು ಸೆರಗು ಗಾಢವಾಗಿರಬಹುದು, ಒಡಲೇ ಗಾಢವಾಗಿದ್ದು ಅಂಚು ಬೆಳಗಬಹುದು. ಎಲ್ಲವೂ ಒಂದೇ ಗಟ್ಟಿತನದಲ್ಲಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತದೆ.

ತಿಳಿ, ಗಾಢ ಎಂಬುದನ್ನು ಅಳೆಯಲು ಬಣ್ಣದ ಕಂಪನಿಗಳು ಎಲ್‌ಆರ್‌ವಿ ಎಂಬ ಅಂಕಿ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲನ್ನು ಆ ಬಣ್ಣ ಹಿಂದಿರುಗಿಸುತ್ತದೆ ಎಂಬ ಲೆಕ್ಕ ಅದು. ಹೊಸದಾಗಿ ಸುಣ್ಣ ಬಳಿದ ಗೋಡೆಯಂಥ ಬಿಳಿಗಳು 80ಕ್ಕಿಂತ ಮೇಲಿರುತ್ತವೆ. ಕಡಪ ಕಲ್ಲಿನಂಥ ಗಾಢ ನೀಲಿ, ಕಪ್ಪುಗಳು 10ರ ಕೆಳಗಿರುತ್ತವೆ. ಈ ಅಂಕಿಯಿಂದ ಎರಡು ಉಪಯೋಗಗಳಿವೆ. ಗೋಡೆಗೂ ಟ್ರಿಮ್ಮಿಗೂ ಅಂಕಿಯಲ್ಲಿ ಸಾಕಷ್ಟು ಅಂತರವಿದ್ದರೆ ಮಾತ್ರ ಅಂಚು ಅಂಚಾಗಿ ಕಾಣುತ್ತದೆ. ಅಂಕಿ ಕಡಿಮೆಯಾದಷ್ಟೂ ಗೋಡೆ ಬಿಸಿಯಾಗುತ್ತದೆ, ಬಣ್ಣ ಬೇಗ ಮಾಸುವ ಸಂಭವವೂ ಹೆಚ್ಚು.

ಟ್ರಿಮ್ಮಿನ ಅಗಲದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ವಿನೈಲ್ ಹೊದಿಸುವಾಗ ಹಳೆಯ ಅಗಲವಾದ ಮೂಲೆಪಟ್ಟಿಗಳನ್ನು ಮುಚ್ಚಿ, ಕಿರಿದಾದ ಪ್ಲಾಸ್ಟಿಕ್ ಕೋನವನ್ನಷ್ಟೇ ಉಳಿಸುವುದುಂಟು. ಅಂಚಿಲ್ಲದ ಸೀರೆಯಂತೆ ಮನೆ ಆಗ ಮುಖಚಹರೆ ಕಳೆದುಕೊಳ್ಳುತ್ತದೆ. ಐದಾರು ಇಂಚು ಅಗಲದ ಮೂಲೆಪಟ್ಟಿ, ಕಿಟಕಿಯ ಸುತ್ತ ಮೂರೂವರೆ ನಾಲ್ಕು ಇಂಚಿನ ಚೌಕಟ್ಟು ಇರಬೇಕೆಂದು ಕರಾರಿನಲ್ಲಿಯೇ ಬರೆಸುವುದು, ದುಬಾರಿ ಬಣ್ಣಕ್ಕೆ ಖರ್ಚು ಮಾಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಮಾಡಿನಂಚಿನ ನೀರುದೋಣಿಗೆ ಟ್ರಿಮ್ಮಿನ ಬಣ್ಣ, ಗೋಡೆಯ ಮೇಲೆ ಇಳಿಯುವ ಕೊಳವೆಗೆ ಗೋಡೆಯ ಬಣ್ಣ ಕೊಟ್ಟರೆ ಎರಡೂ ಮರೆಯಾಗುತ್ತವೆ. ಗ್ಯಾರೇಜಿನ ಬಾಗಿಲು ದೊಡ್ಡದು, ಮುಂಬಾಗಿಲಿನ ಜೊತೆ ಸ್ಪರ್ಧೆಗೆ ಇಳಿಯುವಂಥದ್ದು. ಅದನ್ನು ಗೋಡೆಯ ಅಥವಾ ಟ್ರಿಮ್ಮಿನ ಬಣ್ಣದಲ್ಲೇ ಇಡಬೇಕು.

ಶಟರು ಮತ್ತು ಮುಂಬಾಗಿಲು

ಶಟರು ಮೂಲತಃ ಅಲಂಕಾರವಲ್ಲ, ಕಿಟಕಿಯ ಹೊರಗದ. ಕೆಳಂತಸ್ತಿನಲ್ಲಿ ಭದ್ರತೆಗಾಗಿ ಗಟ್ಟಿ ಹಲಗೆಯದು, ಮೇಲಂತಸ್ತಿನಲ್ಲಿ ಗಾಳಿಗಾಗಿ ಪಟ್ಟಿಪಟ್ಟಿಯದು ಇರುತ್ತಿತ್ತು. ಇಂದು ಅವನ್ನು ಗೋಡೆಗೆ ಜಡಿದುಬಿಟ್ಟರೂ, ಮುಚ್ಚಿದರೆ ಕಿಟಕಿಯನ್ನು ಪೂರ್ತಿ ಮುಚ್ಚುವಂತಿರಬೇಕು ಎಂಬ ಲೆಕ್ಕವನ್ನು ಕಣ್ಣು ಮರೆಯುವುದಿಲ್ಲ. ಕಿಟಕಿ 36 ಇಂಚು ಅಗಲವಿದ್ದರೆ ಪ್ರತಿ ಶಟರು 18 ಇಂಚು ಇರಬೇಕು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 12 ಇಂಚಿನದನ್ನು ತಂದು ಎಲ್ಲ ಕಿಟಕಿಗೂ ಜಡಿದಾಗ ಏನೋ ಸರಿಯಿಲ್ಲವೆನಿಸುವುದು ಇದರಿಂದಲೇ. ಜೋಡಿ ಕಿಟಕಿಗೂ ಅಗಲವಾದ ದೊಡ್ಡ ಕಿಟಕಿಗೂ ಶಟರು ಹಾಕದಿರುವುದೇ ಲೇಸು. ಬಣ್ಣಗಳಲ್ಲಿ ಕಪ್ಪು, ಕಪ್ಪುಹಸಿರು, ಗಾಢ ನೀಲಿ, ಇದ್ದಿಲ ಬೂದು ರೂಢಿಯಲ್ಲಿರುವವು. ಎಲ್ಲ ಶಟರುಗಳೂ ಒಂದೇ ಬಣ್ಣದಲ್ಲಿರಬೇಕು.

ಮುಂಬಾಗಿಲಿಗೆ ಶಟರಿನ ಬಣ್ಣವನ್ನೇ ಕೊಡಬಹುದು, ಇಲ್ಲವೇ ಇಡೀ ಮನೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ಬಣ್ಣವನ್ನು ಅದಕ್ಕೆ ಮೀಸಲಿಡಬಹುದು. ಸಮತೋಲದ ಮನೆಯ ನಡುಗೆರೆಯಲ್ಲಿ ಇರುವುದರಿಂದ ಅದು ಹಣೆಯ ಕುಂಕುಮದಂತೆ ಎದ್ದು ಕಾಣುತ್ತದೆ. ಇಟ್ಟಿಗೆಗೆಂಪು, ದ್ರಾಕ್ಷಿಗೆಂಪು, ಗಾಢ ಹಸಿರು, ಗಾಢ ನೀಲಿ ಎಲ್ಲವೂ ಹಳೆಯ ಸಂಪ್ರದಾಯಕ್ಕೆ ಒಪ್ಪುತ್ತವೆ. ಹಬ್ಬಕ್ಕೆ ಮಾವಿನ ತೋರಣ ಕಟ್ಟುವ ಮನೆಯವರು ಗಮನಿಸಬೇಕಾದ ಒಂದು ಅಂಶವಿದೆ: ಕಪ್ಪುಹಸಿರು ಬಾಗಿಲ ಮೇಲೆ ಹಸಿರೆಲೆ ಕರಗಿಹೋಗುತ್ತದೆ, ಕೆಂಪಿನ ಅಥವಾ ನೀಲಿಯ ಮೇಲೆ ಬೆಳಗುತ್ತದೆ. ಹೊಸ್ತಿಲಿಗೆ ಅರಿಶಿನ ಹಚ್ಚುವವರಿದ್ದರೆ ಕಲೆ ಒರೆಸಿದರೆ ಹೋಗುವಂತೆ ಬಾಗಿಲ ಚೌಕಟ್ಟಿನ ಕೆಳತುದಿಯ ಬಿಳಿ ಬಣ್ಣ ಸ್ವಲ್ಪ ಹೊಳಪಿನದಾಗಿರಲಿ. ಸಾಮಾನ್ಯವಾಗಿ ಗೋಡೆಗೆ ಹೊಳಪು ಕಡಿಮೆ, ಟ್ರಿಮ್ಮಿಗೆ ಅರೆಹೊಳಪು, ಬಾಗಿಲಿಗೆ ಹೊಳಪು ಬಣ್ಣ ಬಳಿಯುವ ಪದ್ಧತಿಯಿದೆ. ಹೊಳಪು ಹೆಚ್ಚಾದಷ್ಟೂ ಗೋಡೆಯ ಉಬ್ಬುತಗ್ಗುಗಳು ಬಯಲಾಗುತ್ತವೆ.

ಬಾಗಿಲಿನ ಹೊರಗೆ ಚಳಿಗಾಲಕ್ಕಾಗಿ ಗಾಜಿನ ಇನ್ನೊಂದು ಬಾಗಿಲು ಇದ್ದು, ಮಧ್ಯಾಹ್ನದ ಬಿಸಿಲು ನೇರ ಬೀಳುತ್ತಿದ್ದರೆ ಗಾಢ ಬಣ್ಣ ಬಳಿಯುವ ಮುನ್ನ ಯೋಚಿಸಬೇಕು. ಎರಡರ ನಡುವೆ ಸಿಕ್ಕಿಬಿದ್ದ ಗಾಳಿ ಕಾದು, ಒಳಬಾಗಿಲಿನ ಪ್ಲಾಸ್ಟಿಕ್ ಪಟ್ಟಿಗಳು ಬಾಗುವಷ್ಟು ಶಾಖ ಏಳುತ್ತದೆ.

ಬೆಳಕಿನಲ್ಲಿ ಪರೀಕ್ಷಿಸುವುದು

ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯಲ್ಲಿದೆ. ಅಲ್ಲಿ ಬೇಸಿಗೆಯ ನಡುಹಗಲಲ್ಲಿ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೂ ಸರಿಯುತ್ತಾನೆ. ನ್ಯೂಜೆರ್ಸಿ, ಬಾಸ್ಟನ್‌ಗಳು 40 ಡಿಗ್ರಿಯ ಆಸುಪಾಸಿನಲ್ಲಿವೆ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಆದ್ದರಿಂದ ಉತ್ತರದ ಗೋಡೆಗೆ ಬಹುಪಾಲು ಆಕಾಶದ ನೀಲಿ ಬೆಳಕೇ ಸಿಗುತ್ತದೆ, ತಣ್ಣನೆಯ ಬೂದು ಅಲ್ಲಿ ಮಂಕಾಗುತ್ತದೆ. ದಕ್ಷಿಣದ ಗೋಡೆಯಲ್ಲಿ ಅದೇ ಬಣ್ಣ ತಿಳಿಯಾಗಿ, ಬೆಚ್ಚಗೆ ಕಾಣುತ್ತದೆ, ಬೇಗ ಮಾಸುವುದೂ ಅಲ್ಲೇ. ನಮ್ಮವರಲ್ಲಿ ಅನೇಕರು ಪೂರ್ವದ ಬಾಗಿಲಿನ ಮನೆಯನ್ನೇ ಹುಡುಕಿ ಕೊಂಡಿರುತ್ತಾರೆ. ಅಂಥ ಮನೆಯ ಮುಖಕ್ಕೆ ಬೆಳಗ್ಗೆ ಹೊಂಬಿಸಿಲು, ಕೆಲಸದಿಂದ ಮರಳುವ ಸಂಜೆಗೆ ನೆರಳು. ಎರಡೂ ಹೊತ್ತಿನಲ್ಲಿ ನೋಡದೆ ಬಣ್ಣ ಒಪ್ಪಬಾರದು.

ಅಂಗಡಿಯ ಎರಡಿಂಚಿನ ಚೀಟಿ ಹೊರಗಿನ ಬೆಳಕಿನಲ್ಲಿ, ಇಡೀ ಗೋಡೆಯಾಗಿ ನಿಂತಾಗ, ಎಣಿಸಿದ್ದಕ್ಕಿಂತ ತಿಳಿಯಾಗಿಯೂ ಹೆಚ್ಚು ಬಣ್ಣಭರಿತವಾಗಿಯೂ ಕಾಣುತ್ತದೆ. ತಿಳಿ ಹಳದಿ ನಿಂಬೆಯಾಗುವುದು, ಹಸಿರುಬೂದು ಪುದೀನವಾಗುವುದು ಹೀಗೆಯೇ. ಸಂದೇಹವಿದ್ದರೆ ಇಷ್ಟವಾದುದಕ್ಕಿಂತ ಒಂದು ಮೆಟ್ಟಿಲು ಮಬ್ಬಾದುದನ್ನು ಆರಿಸಬೇಕು. ಎರಡು ಅಡಿಗೆ ಮೂರು ಅಡಿಯ ಹಲಗೆಗೆ ಎರಡು ಬಾರಿ ಬಣ್ಣ ಬಳಿದು, ಮಾಡಿನ ಶಿಂಗಲ್ ತುಂಡಿನ ಪಕ್ಕ, ಇಟ್ಟಿಗೆಯ ಪಕ್ಕ ಒರಗಿಸಿ, ಬೆಳಗ್ಗೆ, ನಡುಹಗಲು, ಸಂಜೆ, ಮೋಡ ಕವಿದ ದಿನ ರಸ್ತೆಯಾಚೆಯಿಂದ ನೋಡಬೇಕು. ವಿನೈಲ್ ಅಥವಾ ಫೈಬರ್ ಸಿಮೆಂಟ್ ಆದರೆ ಅಂಗೈಯಗಲದ ಮಾದರಿ ಸಾಲದು. ಪೂರ್ತಿ ಹಲಗೆಯ ತುಂಡುಗಳನ್ನೇ ತರಿಸಿಕೊಡಲು ಕೇಳಬೇಕು. ಬೇಸಿಗೆಯ ಹಸಿರಿನ ನಡುವೆ ಚೆಂದ ಕಂಡ ಅಚ್ಚ ಬಿಳಿ ಜನವರಿಯ ಹಿಮದ ಮುಂದೆ ಕೊಳಕಾಗಿಯೋ ಇಲ್ಲದಂತೆಯೋ ತೋರಬಹುದೆಂಬುದೂ ನೆನಪಿನಲ್ಲಿರಲಿ.

ಕರಾರಿಗೆ ಸಹಿ ಹಾಕುವ ಮುನ್ನ

ಬಡಾವಣೆಯ ಮಾಲೀಕರ ಸಂಘವಿದ್ದರೆ ಅದರ ಒಪ್ಪಿತ ಬಣ್ಣಗಳ ಪಟ್ಟಿಯನ್ನು ಮೊದಲೇ ಪಡೆಯಬೇಕು. ಮನೆ ಐತಿಹಾಸಿಕ ವಲಯದಲ್ಲಿದ್ದರೆ ನಿಯಮ ಊರಿಂದೂರಿಗೆ ಬದಲಾಗುತ್ತದೆ: ಮ್ಯಾಸಚೂಸೆಟ್ಸ್‌ನ ಕೆಲವು ಊರುಗಳ ಸಮಿತಿಗಳು ಹೊದಿಕೆಯ ವಸ್ತುವನ್ನು ಮಾತ್ರ ನೋಡಿ ಬಣ್ಣವನ್ನು ಮಾಲೀಕರಿಗೆ ಬಿಡುತ್ತವೆ, 1955ರಿಂದ ಐತಿಹಾಸಿಕ ವಲಯವಾಗಿರುವ ನ್ಯಾಂಟಕೆಟ್ ದ್ವೀಪದಲ್ಲಿ ಬಾಗಿಲಿನ ಬಣ್ಣಕ್ಕೂ ಒಪ್ಪಿಗೆ ಬೇಕು.

ಹೊರಗೋಡೆಯ ಬಣ್ಣ ಸಾಮಾನ್ಯವಾಗಿ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿನ ಉಷ್ಣಾಂಶದಲ್ಲಿ ಚೆನ್ನಾಗಿ ಒಣಗುತ್ತದೆ. ಇನ್ನೂ ಕಡಿಮೆಯಲ್ಲಿ ಒಣಗುವ ಬಣ್ಣಗಳಿದ್ದರೂ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಕಾಲವೇ ಅನುಕೂಲ. ಒಂದು ಗ್ಯಾಲನ್ ಬಣ್ಣ ಒಂದು ಪದರಕ್ಕೆ 350ರಿಂದ 400 ಚದರಡಿಗೆ ಸಾಕಾಗುತ್ತದೆ ಎಂಬ ಲೆಕ್ಕ ಗೊತ್ತಿದ್ದರೆ ಗುತ್ತಿಗೆದಾರರ ಅಂದಾಜನ್ನು ತಾಳೆ ನೋಡಬಹುದು. ಕರಾರಿನಲ್ಲಿ ಕಂಪನಿಯ ಹೆಸರು, ಬಣ್ಣದ ಸಂಖ್ಯೆ, ಹೊಳಪಿನ ಬಗೆ, ಎಷ್ಟು ಪದರ, ಹಲಗೆಯ ಕಾಣುವ ಅಗಲ ಇಷ್ಟೂ ಬರೆದಿರಬೇಕು. ಕೆಲಸ ಮುಗಿದ ದಿನ ಉಳಿದ ಹಲಗೆಗಳನ್ನು ಒಯ್ಯಲು ಬಿಡದೆ ಒಂದು ಪೆಟ್ಟಿಗೆಯಷ್ಟನ್ನು ಗ್ಯಾರೇಜಿನಲ್ಲಿ ಇರಿಸಿಕೊಳ್ಳಿ. ತಯಾರಕರು ಬಣ್ಣಗಳನ್ನು ಆಗಾಗ ನಿಲ್ಲಿಸಿಬಿಡುತ್ತಾರೆ. ಮುಂದೊಂದು ದಿನ ಮರದ ಕೊಂಬೆ ಬಿದ್ದು ಗೋಡೆ ಒಡೆದರೆ, ಗ್ಯಾರೇಜಿನ ಹೊಸ ಹಲಗೆಗಳಲ್ಲಿ ಎರಡನ್ನು ಹಿಂಬದಿಯ ಗೋಡೆಗೆ ಹಾಕಿ, ಅಲ್ಲಿಂದ ಕಿತ್ತ, ಅಷ್ಟೇ ವರ್ಷ ಬಿಸಿಲುಂಡು ಮಾಸಿದ ಹಲಗೆಗಳನ್ನು ಮುಂಭಾಗಕ್ಕೆ ಕೂರಿಸಿದರೆ ತೇಪೆ ಅಷ್ಟಾಗಿ ಎದ್ದು ಕಾಣುವುದಿಲ್ಲ.